ಮಗಳ ಪಗಾರ ನಂಬದ ದಲಾಲ

ಔರಾದದ ದನದ ಸಂತೆಯಲ್ಲಿ ಮನ್ಮಥಪ್ಪನವರು ಯಾರನ್ನೂ ನಂಬುವುದಿಲ್ಲ ಎಂದು ಜನ ಹೇಳುವುದು ದೂರಲ್ಲ, ಶಿಫಾರಸು. ವಯಸ್ಸು ಕೇಳಿದಾಗ ಎತ್ತಿನ ಒಡೆಯ ಆರು ಹಲ್ಲು ಎಂದರೆ ಇವರು ಎತ್ತಿನ ಬಾಯಿ ಬಿಡಿಸಿ ಎಣಿಸುತ್ತಾರೆ. ಎಣಿಸಿದ ಮೇಲೆ, ಹಲ್ಲಿಗೆ ಅರ ಹಾಕಿ ಉಜ್ಜಿರಬಹುದೇ ಎಂದು ಹೆಬ್ಬೆರಳಿನಿಂದ ತಿಕ್ಕಿ ನೋಡುತ್ತಾರೆ. ಕಿರಾಣಿ ಅಂಗಡಿಯವನು ತೊಗರಿಬೇಳೆ ತೂಗುವಾಗ ಇವರ ಕಣ್ಣು ತಕ್ಕಡಿಯ ಮೇಲಿರುವುದಿಲ್ಲ, ಅಂಗಡಿಯವನ ಮೊಣಕೈ ಮೇಲಿರುತ್ತದೆ. ಮದುವೆಯಾದ ಹೊಸತರಲ್ಲಿ ಹೆಂಡತಿ ಸುಮಿತ್ರಾಬಾಯಿ ಕೇಳದೆಯೇ ಎರಡನೆಯ ಸಲ ಚಹಾ ತಂದಿಟ್ಟರೆ, "ಏನು ಬೇಕಾಗ್ಯದ?" ಎಂದರಂತೆ. ಇದನ್ನು ಹೇಳಿದವರು ಸುಮಿತ್ರಾಬಾಯಿಯೇ ಆದ್ದರಿಂದ ನಾವು ನಂಬಬಹುದು.

ಇದು ಸ್ವಭಾವವೋ ಕಸುಬೋ ಎಂದು ಕೇಳಿದರೆ, ಮೊದಲು ಕಸುಬೇ ಇದ್ದಿರಬೇಕು. ನಮ್ಮ ಕಡೆ ದನದ ಸೌದಾ ಬಾಯಿಂದ ಆಗುವುದಿಲ್ಲ. ದಲಾಲನು ಹೆಗಲ ಮೇಲಿನ ಟವೆಲು ತೆಗೆದು ಕೊಳ್ಳುವವನ ಕೈ ಮೇಲೆ ಹೊದಿಸುತ್ತಾನೆ. ಒಳಗೆ ಬೆರಳು ಹಿಡಿದು ಬೆಲೆ ಹೇಳುತ್ತಾನೆ. ಮೇಲೆ ಬಾಯಿಗಳು ಮಳೆ, ಮದುವೆ, ಗ್ರಾಮ ಪಂಚಾಯಿತಿ ಎಂದು ಹರಟುತ್ತಿರುತ್ತವೆ. ಕೆಳಗೆ ಬೆರಳುಗಳು ಜಗಳವಾಡುತ್ತಿರುತ್ತವೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಟವೆಲಿನೊಳಗೆ ಆದ ಮಾತನ್ನು ಹೊರಗೆ ಹೇಳಿದವನಿಗೆ ಮುಂದಿನ ಸಂತೆಯಲ್ಲಿ ಯಾರೂ ಬೀಡಿ ಕೂಡ ಕೊಡುವುದಿಲ್ಲ.

"ಬಾಯಿಲೆ ಹೇಳೋ ರೇಟು, ಕನ್ಯಾ ನೋಡೋವಾಗ ಹೇಳೋ ವಯಸ್ಸು, ಎರಡೂ ಒಂದೇ," ಎನ್ನುವುದು ಮನ್ಮಥಪ್ಪನವರ ಸಿದ್ಧಾಂತ. ಬೆರಳು ಮಾತ್ರ ಸುಳ್ಳು ಹೇಳುವುದಿಲ್ಲ.

ಅವರ ಒಬ್ಬಳೇ ಮಗಳು ಉಮಾಶ್ರೀ ಬೀದರದಲ್ಲಿ ಬಿ.ಎ. ಮುಗಿಸಿ, ಅಂತರರಾಷ್ಟ್ರೀಯ ಸಂಬಂಧಗಳಲ್ಲಿ ಎಂ.ಎ. ಮಾಡುತ್ತೇನೆ ಎಂದಾಗ ಓಣಿಗೆ ಓಣಿಯೇ ಅನುಮಾನಪಟ್ಟಿತು. ಎದುರುಮನೆಯ ಈರಮ್ಮ, "ಸಂಬಂಧ ನೋಡ್ಲಿಕ್ಕೆ ಹನ್ನೊಂದು ಲಕ್ಷ ಕೊಟ್ಟು ಓದಬೇಕೇನವ್ವ? ನಾ ಪುಕಟ್ಟೆ ನೋಡಿಕೊಡ್ತಿದ್ದೆ," ಎಂದರು. ಆದರೆ ಮನ್ಮಥಪ್ಪನವರಿಗೆ ಈ ವಿದ್ಯೆ ತಕ್ಷಣ ಅರ್ಥವಾಯಿತು. "ಎರಡು ದೇಶದ ನಡುವ ನಿಂತು ಸೌದಾ ಮುಗಸೋದು. ಅಂದ್ರ ನಮ್ಮ ಮನಿತನದ ಕಸುಬೇ. ದನ ಇರಂಗಿಲ್ಲ, ಅಷ್ಟೇ," ಎಂದು ಚಹಾದಂಗಡಿಯಲ್ಲಿ ಸಾರಿದರು. ಅಂದಿನಿಂದ ಅವರ ನಡಿಗೆಯಲ್ಲಿ ಸ್ವಲ್ಪ ರಾಯಭಾರಿಯ ಗತ್ತು ಬಂದಿತು.

ವಿಶ್ವವಿದ್ಯಾಲಯ ಹೊರರಾಜ್ಯದ್ದು, ಖಾಸಗಿಯದು. ಸೀಟು ಕೊಡಿಸುವ ಅವಿನಾಶನ ಆಫೀಸು ಬೀದರದಲ್ಲಿ, ಎರಡನೆಯ ಮಹಡಿ. ಮೇಜಿನ ಮೇಲೆ ತಿರುಗುವ ಭೂಗೋಳ, ಗೋಡೆಗೆ ಹತ್ತಾರು ದೇಶಗಳ ಬಾವುಟ, ಮೂಲೆಯಲ್ಲಿ ತಿರುಗದ ಫ್ಯಾನು. ಅವಿನಾಶ ಬಣ್ಣದ ಪುಸ್ತಿಕೆ ತೆರೆದು, "ಸರಾಸರಿ ಪಗಾರ ವರ್ಷಕ್ಕ ಹನ್ನೆರಡು ಲಕ್ಷ, ಕಾಕಾ. ತಿಂಗಳಿಗೆ ಒಂದು ಲಕ್ಷ," ಎಂದ.

ಮನ್ಮಥಪ್ಪನವರು ನಕ್ಕರು. "ಸರಾಸರಿ ಅಂದ್ರ ಯಾರ ಸರಾಸರಿಯಪ್ಪ? ಸಂತ್ಯಾಗ ಒಂದು ದೇವಣಿ ಹೋರಿ ಲಕ್ಷಕ್ಕ ಹೋಗ್ತದ. ಒಂಬತ್ತು ಮುದಿ ಎಮ್ಮಿ ಮಾರಲಾರದೆ ಮನಿಗೆ ವಾಪಸ್ ಬರ್ತಾವ. ಆ ಎಮ್ಮಿ ನಿನ್ನ ಪುಸ್ತಕದಾಗ ಎಲ್ಲಿ ಬರ್ಕೊಂಡೀದಿ?"

ಎಷ್ಟೋ ಪದವೀಧರರಿಗೆ ಹೊಳೆಯದ ಪ್ರಶ್ನೆ ಅದು. ಉಮಾಶ್ರೀ ಕೂಡ ತಂದೆಯ ಮುಖವನ್ನು ಹೊಸದಾಗಿ ನೋಡಿದಳು. ಮನ್ಮಥಪ್ಪನವರು ಅಲ್ಲಿಗೇ ಎದ್ದು ಬಂದಿದ್ದರೆ ಈ ಕಥೆ ಇರುತ್ತಿರಲಿಲ್ಲ.

ಅವಿನಾಶ ಕಮಲನಗರದವನು. ಅವನ ಸೋದರಮಾವ ಉದಗೀರದ ಸಂತೆಯಲ್ಲಿ ದಲಾಲಿ ಮಾಡುತ್ತಿದ್ದ. ಪುಸ್ತಿಕೆ ಮುಚ್ಚಿ, ಕುರ್ಚಿ ಮುಂದೆ ಎಳೆದುಕೊಂಡು, ದನಿ ತಗ್ಗಿಸಿ ಹೇಳಿದ: "ಕಾಕಾ, ಇದು ಬ್ಯಾರೆ ಮಂದಿಗೆ. ನಿಮ್ಮಂಥವರಿಗೆ ಬಾಯಿಲೆ ಹೇಳಿದ್ರ ನನಗ ನಾಚಿಕಿ. ಟವೆಲು ಕೊಡ್ರಿ ಇಲ್ಲಿ. ತಿಂಗಳ ಪಗಾರ, ಹತ್ತು ಸಾವಿರದ ಲೆಕ್ಕ."

ಟವೆಲಿನೊಳಗೆ ಅವನು ಐದೂ ಬೆರಳು ಹಿಡಿದ. ಬಿಟ್ಟು, ಎರಡು ಬೆರಳು ಹಿಡಿದ. ಒಟ್ಟು ಏಳು. ಎಪ್ಪತ್ತು ಸಾವಿರ. ಪುಸ್ತಿಕೆಗಿಂತ ಮೂವತ್ತು ಸಾವಿರ ಕಡಿಮೆ! ತಾನಾಗಿಯೇ ಬೆಲೆ ಇಳಿಸುವವನು ಸುಳ್ಳು ಹೇಳಲು ಹೇಗೆ ಸಾಧ್ಯ? ಮನ್ಮಥಪ್ಪನವರು ಅವನ ಹೆಬ್ಬೆರಳು ಒತ್ತಿದರು. ನಮ್ಮಲ್ಲಿ ಸೌದಾ ಮುಗಿಯುವುದು ಹಾಗೆ.

ವಾಪಸು ಬಸ್ಸಿನಲ್ಲಿ ಉಮಾಶ್ರೀ ಕೇಳಿದಳು, "ಟವೆಲಿನಾಗ ಏನಂದ ಅಪ್ಪಾ ಅವ?"

"ಅದು ಹೇಳೋ ಮಾತಲ್ಲ."

"ಓದೋಳು ನಾನು."

"ಎತ್ತಿಗಿ ತನ್ನ ರೇಟು ಗೊತ್ತಿರ್ತದೇನು?" ಎಂದು ಅವರು ಕಿಟಕಿಯಾಚೆ ನೋಡಿದರು.

ಒಂಬತ್ತು ಲಕ್ಷ ಸಾಲ ಬಂತು. ಅದಕ್ಕೆ ಅಡವು, ಭಾಲ್ಕಿಯಲ್ಲಿ ಸುಮಿತ್ರಾಬಾಯಿಯ ಹೆಸರಿನಲ್ಲಿದ್ದ ಮೂವತ್ತು-ನಲವತ್ತರ ಪ್ಲಾಟು. ಅದು ಅವರ ತವರಿನವರು ಕೊಟ್ಟದ್ದು. ಮನ್ಮಥಪ್ಪನವರು ಸಹ-ಸಾಲಗಾರರೆಂದು ಸಹಿ ಹಾಕಿದರು. ಉಮಾಶ್ರೀ ಎರಡು ವರ್ಷ ಚೆನ್ನಾಗಿಯೇ ಓದಿದಳು. ಮುಗಿದ ಮೇಲೆ ದಿಲ್ಲಿಯ ಒಂದು ಸಂಸ್ಥೆ ಅವಳನ್ನು ಸಂಬಳವಿಲ್ಲದೆ ದುಡಿಸಿಕೊಂಡಿತು, ಇನ್ನೊಂದು ಅನುಭವ ಸಾಲದು ಎಂದಿತು. ಮೂರನೆಯದು ಕೊಡುತ್ತೇನೆಂದ ಗೌರವಧನದಲ್ಲಿ ಗೌರವ ಬಹಳವಿತ್ತು, ಧನ ಅಲ್ಲಿಯ ಕೋಣೆ ಬಾಡಿಗೆಗೆ ಸಾಲುತ್ತಿರಲಿಲ್ಲ. ಹಾಗಾಗಿ ಅವಳು ಬೀದರಕ್ಕೆ ಬಂದು, ಕೊಳಾರದ ಕೈಗಾರಿಕಾ ಪ್ರದೇಶದಲ್ಲಿ ಬೇಳೆ ರಫ್ತು ಮಾಡುವ ಒಂದು ಕಂಪನಿ ಸೇರಿದಳು. ದುಬೈಗೆ, ಕೊಲಂಬೊಕ್ಕೆ ಹೋಗುವ ಸರಕಿನ ಕಾಗದಪತ್ರ ಸಿದ್ಧಪಡಿಸುವ ಕೆಲಸ. ಗೆಳತಿ ನಾಜಿಯಾಳ ಜೊತೆ ಬೀದರದಲ್ಲೇ ಒಂದು ಕೋಣೆ.

ಕೆಲಸ ಸಿಕ್ಕ ಭಾನುವಾರ ಔರಾದಕ್ಕೆ ಬಂದು ಕಟ್ಟೆಯ ಮೇಲೆ ಕುಳಿತು, ಈರಮ್ಮನ ಎದುರೇ ಹೇಳಿದಳು: "ಇಪ್ಪತ್ನಾಲ್ಕು ಸಾವಿರ."

ಈರಮ್ಮನ ಮುಖದಲ್ಲಿ ಸಂತೋಷ ಅರಳಿತು; ನೆರೆಯವರ ಮಕ್ಕಳ ಪಗಾರ ಕಡಿಮೆಯಿದ್ದಾಗ ಅರಳುವ ಬಗೆಯದು. "ಪಾಪ, ಇರ್ಲಿ ಬಿಡವ್ವ. ನಮ್ಮ ಅಳಿಯನೂ ಡಿಪ್ಲೊಮಾದಾಗ ಅಷ್ಟೇ ತಗೋತಾನ."

ಮನ್ಮಥಪ್ಪನವರೂ ಸಂತೋಷಪಟ್ಟರು, ಬೇರೆ ಕಾರಣಕ್ಕೆ. ಒಳಗೆ ಹೋಗಿ ಹೆಂಡತಿಗೆ ಹೇಳಿದರು: "ನೋಡಿದ್ಯಾ? ಎಪ್... ಅಷ್ಟು ಪಗಾರ ಇಟ್ಕೊಂಡು ಬಾಯಿಲೆ ಇಷ್ಟೇ ಹೇಳ್ತಾಳ. ದಲಾಲನ ಮಗಳು!"

ಸುಮಿತ್ರಾಬಾಯಿಗೆ ಏನೂ ತಿಳಿಯಲಿಲ್ಲ. ತಿಳಿಯದಿರುವುದು ಆ ಮನೆಯಲ್ಲಿ ಅವರಿಗೆ ಹೊಸದಲ್ಲ.

ಸಾಲದ ಕಂತು ಶುರುವಾದಾಗ ತೊಂದರೆಯೂ ಶುರುವಾಯಿತು. ಓದಿನ ಕಾಲದ ಬಡ್ಡಿಯೂ ಸೇರಿ ಸಾಲ ಹನ್ನೊಂದೂವರೆ ಲಕ್ಷವಾಗಿತ್ತು. ತಿಂಗಳಿಗೆ ಹತ್ತೊಂಬತ್ತು ಸಾವಿರದ ಚಿಲ್ಲರೆ. ಉಮಾಶ್ರೀ ಎರಡು ಕಂತು ಕಟ್ಟಿದಳು, ಬಾಡಿಗೆಯನ್ನು ನಾಜಿಯಾಳಿಂದ ಕಡ ತಂದಳು. ಮುಂದಿನ ಎರಡು ತಪ್ಪಿದವು. ಬ್ಯಾಂಕಿನವರು ಒಂದು ದಾರಿ ಹೇಳಿದರು: ಅವಧಿಯನ್ನು ಹದಿನೈದು ವರ್ಷಕ್ಕೆ ಹಿಗ್ಗಿಸಿದರೆ ಕಂತು ಹದಿಮೂರು ಸಾವಿರಕ್ಕೆ ಇಳಿಯುತ್ತದೆ. ಅದಕ್ಕೆ ತಂದೆ-ತಾಯಿ ಇಬ್ಬರೂ ಭಾಲ್ಕಿಯ ಶಾಖೆಗೆ ಬಂದು ಸಹಿ ಹಾಕಬೇಕು, ಈ ತಿಂಗಳೊಳಗೆ. ಇಲ್ಲದಿದ್ದರೆ ಪ್ಲಾಟಿಗೆ ನೋಟಿಸು.

"ಅಪ್ಪಾ, ಒಂದು ಸಹಿ ಬೇಕಾಗ್ಯದ."

ಮನ್ಮಥಪ್ಪನವರು ಎಲ್ಲ ಕೇಳಿದರು. "ಹದಿನೈದು ವರ್ಷ? ಎತ್ತು ಸೈತ ಅಷ್ಟು ದಿನ ದುಡಿಯಂಗಿಲ್ಲ. ಪಗಾರ ಎಷ್ಟು ಅಂದಿ?"

"ಇಪ್ಪತ್ನಾಲ್ಕು."

"ಅದು ಓಣಿಗೆ ಹೇಳೋದು. ನನಗ ಹೇಳು."

"ಓಣಿಗೂ ಅಷ್ಟೇ, ನಿಮಗೂ ಅಷ್ಟೇ."

"ಉಳಿದದ್ದು ಎಲ್ಲಿಗಿ ಹೋಗ್ತದ?"

"ಯಾವ ಉಳಿದದ್ದು?"

ಇಲ್ಲಿ ಅವರು ಎಪ್ಪತ್ತು ಎಂದು ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಟವೆಲಿನ ಮಾತು! ಮಗಳು ಕಾರಣ ತಿಳಿಯದೆ ಅತ್ತಳು. ಮಾರುಕಟ್ಟೆಯಲ್ಲಿ ಅಳುವವರನ್ನು ಕಂಡರೆ ಅವರಿಗೆ ಇನ್ನಷ್ಟು ಅನುಮಾನ. ಸಹಿ ಹಾಕಲಿಲ್ಲ.

ಆಮೇಲಿನ ದಿನಗಳಲ್ಲಿ ಅವರು ಆ ನಲವತ್ತಾರು ಸಾವಿರವನ್ನು ಎಲ್ಲೆಲ್ಲೋ ಹುಡುಕಿದರು. ಮಗಳ ಫೋನು ಹೊಸದೇ ಎಂದು ಸುಮಿತ್ರಾಬಾಯಿಯನ್ನು ಕೇಳಿದರು. ಗಾಜು ಒಡೆದ ಹಳೆಯದು. ಚೀಟಿ ಹಾಕಿದ್ದಾಳೆಯೇ? ಯಾವನಾದರೂ ಹುಡುಗನಿಗೆ ಅಂಗಡಿ ಇಟ್ಟುಕೊಟ್ಟಿದ್ದಾಳೆಯೇ? ಈ ಕೊನೆಯ ವಿಚಾರ ಬಂದ ಮೇಲೆ ಅವರಿಗೆ ಊಟ ಸೇರಲಿಲ್ಲ. ತಿಂಗಳು ಮುಗಿಯುವ ಮುನ್ನಾದಿನ ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಬೀದರದ ಬಸ್ಸು ಹತ್ತಿ, ಕೊಳಾರಕ್ಕೆ ಹೋದರು.

ಕಂಪನಿಯ ಗೇಟಿನ ಎದುರು ಬದರುನ್ನಿಸಾ ಎಂಬ ಹೆಂಗಸಿನ ಚಹಾದ ಗಾಡಿ. ಮನ್ಮಥಪ್ಪನವರು ಚಹಾ ಹೇಳಿ, ಗಿರಾಕಿಯಂತೆ ಅಲ್ಲ, ವಿಚಾರಣಾ ಆಯೋಗದಂತೆ ಕುಳಿತರು.

"ಇಲ್ಲಿ ಔರಾದದ ಒಂದು ಹುಡುಗಿ ಕೆಲಸ ಮಾಡ್ತದಂತ?"

"ಉಮಾಶ್ರೀ? ಹೌದ್ರಿ. ಛಲೋ ಹುಡುಗಿ. ದಿನಾ ಕಟ್ ಚಹಾ ಕುಡೀತದ, ಅರ್ಧಾ ಕಪ್ಪು."

"ಅರ್ಧಾ ಯಾಕ?"

"ಪೂರಾಕ ಹತ್ತು ರೂಪಾಯಿ, ಅರ್ಧಾಕ ಐದು. ಅದಕ್ಕ."

ರೊಕ್ಕ ಕೂಡಿಡುವವರೇ ಅರ್ಧ ಕಪ್ಪು ಕುಡಿಯುವುದು ಎಂದುಕೊಂಡರು ಮನ್ಮಥಪ್ಪನವರು. ಅಷ್ಟರಲ್ಲಿ ಲೆಕ್ಕದ ವಿಭಾಗದ ಮುಸ್ತಕೀಮ ಎಂಬ ತರುಣ ಚಹಾಕ್ಕೆ ಬಂದ. ಬದರುನ್ನಿಸಾ, "ಇವರು ಪಗಾರ ಬಟವಾಡೆ ಮಾಡ್ತಾರ ನೋಡ್ರಿ, ಇವರನ್ನೇ ಕೇಳ್ರಿ," ಎಂದಳು. ಮನ್ಮಥಪ್ಪನವರು ಅವನನ್ನು ಬದಿಗೆ ಕರೆದು, ಉಮಾಶ್ರೀಯ ತಂದೆ ಎಂದು ಹೇಳಿಕೊಂಡು, ಗಂಭೀರವಾಗಿ ಟವೆಲು ಚಾಚಿ, "ಆಕಿ ಪಗಾರ. ಇದರಾಗ ಹೇಳ್ರಿ," ಎಂದರು.

ಮುಸ್ತಕೀಮ ಟವೆಲು ನೋಡಿದ. ಕೈಗೆ ಬಿಸ್ಕತ್ತಿನ ಪುಡಿ ಹತ್ತಿತ್ತು. "ಶುಕ್ರಿಯಾ ಚಾಚಾ," ಎಂದು ಕೈ ಒರೆಸಿಕೊಂಡು ಮಡಚಿ ವಾಪಸು ಕೊಟ್ಟ. "ಪಗಾರ ಏನು, ಇಪ್ಪತ್ನಾಲ್ಕು. ಅದರಾಗ ಪಿ.ಎಫ್. ಕಟ್ ಆಗ್ತದ. ಈ ಸೆಕ್ಷನ್ದಾಗ ಎಲ್ಲಾರದೂ ಅಷ್ಟೇ. ಛುಪಾಯಿಸಿ ಮುಚ್ಚಿಡೋದು ಏನದ?"

ಒಂದೇ ಮಾತನ್ನು ಇಬ್ಬರು ಹೇಳಿದರೆ ಸಂತೆಯಲ್ಲಿ ಎರಡೇ ಅರ್ಥ. ಒಂದೋ ಖರೆ, ಇಲ್ಲ ಇಬ್ಬರೂ ಸೇರಿ ಹೂಡಿದ ಕೂಟ. ಮುಸ್ತಕೀಮ ಹೋದ ಮೇಲೆ ಮನ್ಮಥಪ್ಪನವರು ಬಹಳ ಹೊತ್ತು ಕೂಟದ ಕಡೆಗೇ ವಾಲಿದರು. ಆದರೆ ಮೂವತ್ತು ವರ್ಷ ಸುಳ್ಳುಗಾರರ ನಡುವೆ ಬದುಕಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ: ಸುಳ್ಳು ಹೇಳುವವನು ಹೇಳಿದ ಮೇಲೆ ಒಮ್ಮೆ ನಿಮ್ಮ ಮುಖ ನೋಡುತ್ತಾನೆ. ಈ ಹುಡುಗ ನೋಡಿರಲಿಲ್ಲ. ಬಿಸ್ಕತ್ತು ನೋಡಿದ್ದ. ಹಾಗಾದರೆ ಎಪ್ಪತ್ತು ಎಂದವನ ಮುಖವನ್ನೇ ಇನ್ನೊಮ್ಮೆ ನೋಡಬೇಕು ಎಂದು ಅವರು ಅವಿನಾಶನ ಆಫೀಸಿಗೆ ನಡೆದರು.

ಆಫೀಸು ಹಾಗೆಯೇ ಇತ್ತು. ಬಾವುಟಗಳು ಹೆಚ್ಚಾಗಿದ್ದವು, ಫ್ಯಾನು ಈಗ ತಿರುಗುತ್ತಿತ್ತು. ಅವಿನಾಶನ ಎದುರು ಮನ್ನಳ್ಳಿಯ ಲಾಲ ಅಹ್ಮದ ಕುಳಿತಿದ್ದರು. ಮನ್ಮಥಪ್ಪನವರ ಕೈಯಿಂದ ಎರಡು ಸಲ ಎಮ್ಮೆ ಕೊಂಡವರು. ಪಕ್ಕದಲ್ಲಿ ಅವರ ಮೊಮ್ಮಗಳು ಸಾನಿಯಾ, ಮಡಿಲಲ್ಲಿ ಅದೇ ಬಣ್ಣದ ಪುಸ್ತಿಕೆ. ಲಾಲ ಅಹ್ಮದರ ಕೈ ಮೇಲೆ ಅವರದೇ ಟವೆಲು. ಟವೆಲಿನೊಳಗೆ ಅವಿನಾಶನ ಕೈ.

ಬಾಗಿಲಲ್ಲೇ ನಿಂತ ಮನ್ಮಥಪ್ಪನವರ ಕಣ್ಣು ಅಭ್ಯಾಸದಿಂದ ಅವಿನಾಶನ ಮೊಣಕೈಗೆ ಹೋಯಿತು. ತೋಳು ಒಮ್ಮೆ ಪೂರ್ತಿ ಬಿಗಿಯಿತು, ಸಡಿಲವಾಯಿತು, ಮತ್ತೆ ಅರೆಬರೆ ಬಿಗಿಯಿತು. ಐದು. ಎರಡು.

ಬೇರೆ ಹುಡುಗಿ, ಬೇರೆ ಮನೆ. ಪುಸ್ತಿಕೆಯ ಮೇಲಿನ ಕಾಲೇಜೂ ಬೇರೆ. ಎತ್ತಿಗೂ ಎಮ್ಮೆಗೂ ಕೋಣಕ್ಕೂ ಒಂದೇ ಬೆಲೆ ಹಿಡಿಯುವ ದಲಾಲನನ್ನು ಅವರು ಅದುವರೆಗೂ ಕಂಡಿರಲಿಲ್ಲ.

ಅವಿನಾಶ ತಲೆಯೆತ್ತಿ, "ಬರ್ರಿ ಬರ್ರಿ ಕಾಕಾ! ಮಗಳು ಹ್ಯಾಂಗಿದ್ದಾಳ? ಇವರಿಗಿ ಹೇಳ್ರಿ ನಮ್ಮ ಕೆಲಸ," ಎಂದ. ಹೇಳಿದ ಮೇಲೆ ಒಮ್ಮೆ ಮನ್ಮಥಪ್ಪನವರ ಮುಖ ನೋಡಿದ.

"ನನಗೂ ಅಷ್ಟೇ ಹಿಡಿದಿದ್ದೆಲ್ಲೊ."

"ಶ್! ಕಾಕಾ. ಟವೆಲಿನ ಮಾತು ಹೊರಗ ಆಡ್ತೀರೇನು? ನೀವು ದೊಡ್ಡವರು. ನಿಮಗ ನಾ ಹೇಳಬೇಕಾ ಧರ್ಮ?"

ಅದೇ ಧರ್ಮವನ್ನು ಮನ್ಮಥಪ್ಪನವರು ಎಷ್ಟೋ ರೈತರಿಗೆ ಹೇಳಿ ಬಾಯಿ ಮುಚ್ಚಿಸಿದ್ದರು. ತಮ್ಮ ಬಾಯಿಗೆ ಬಂದಾಗ ಅದರ ರುಚಿ ಬೇರೆಯಾಗಿತ್ತು. ಬಾಗಿಲ ಕಡೆ ತಿರುಗಿದರು. ಎರಡು ಹೆಜ್ಜೆ ಇಟ್ಟು ಮತ್ತೆ ಬಂದರು.

"ಲಾಲ ಅಹ್ಮದ ಸಾಹೇಬ್ರ, ಐದು ಹಿಡಿದು ಎರಡು ಹಿಡಿದಾನ. ಎಪ್ಪತ್ತು ಸಾವಿರ ಪಗಾರ ಅಂತ. ನನಗೂ ಅದೇ ಹಿಡಿದಿದ್ದ."

ಲಾಲ ಅಹ್ಮದ ಕೃತಜ್ಞರಾಗಲಿಲ್ಲ. ಕೈ ಹಿಂದೆಳೆದುಕೊಂಡು ಸಿಡಿದರು: "ಇನ್ನೊಬ್ಬರ ಸೌದಾದಾಗ ಮುಖ ಹಾಕೋದು ಶರಾಫತ್ ಏನ್ರಿ ಮನ್ಮಥಪ್ಪ? ಬ್ಯಾರೆ ಕಾಲೇಜಿನವರು ನಿಮಗ ಎಷ್ಟು ಕೊಟ್ಟಾರ?"

ಸಾನಿಯಾ ಮಾತ್ರ ಪುಸ್ತಿಕೆ ಮುಚ್ಚಿ ಕೇಳಿದಳು: "ನಿಮ್ಮ ಮಗಳ ಪಗಾರ ಎಷ್ಟ್ರಿ ಈಗ?"

ಮನ್ಮಥಪ್ಪನವರು ಬಾಯಿ ಬಿಟ್ಟೇ ಹೇಳಿದರು: "ಇಪ್ಪತ್ನಾಲ್ಕು ಸಾವಿರ. ಅದರಾಗ ಪಿ.ಎಫ್. ಕಟ್ ಆಗ್ತದ."

ಹೇಳಿದ ಮೇಲೆ ಅವರಿಗೇ ಅದು ಕೇಳಿಸಿತು. ಸಾನಿಯಾ ಉಮಾಶ್ರೀಯ ಫೋನ್ ನಂಬರು ಕೇಳಿ ಬರೆದುಕೊಂಡಳು. ಅವಿನಾಶ ಭೂಗೋಳವನ್ನು ಸುಮ್ಮನೆ ತಿರುಗಿಸುತ್ತ ಕುಳಿತ.

ಮರುದಿನ ಬೆಳಿಗ್ಗೆ ಭಾಲ್ಕಿಯ ಬ್ಯಾಂಕಿನ ಮುಂದೆ ಬೇವಿನ ನೆರಳಲ್ಲಿ ಮೂವರೂ ನಿಂತಿದ್ದರು. ಉಮಾಶ್ರೀ ಅರ್ಧ ದಿನದ ರಜೆ ಹಾಕಿ ಬಂದಿದ್ದಳು. ತಂದೆ ಏಕೆ ಕರೆದರೆಂದು ಅವಳಿಗೂ ಗೊತ್ತಿಲ್ಲ, ತಾಯಿಗೂ ಗೊತ್ತಿಲ್ಲ.

"ಎಪ್ಪತ್ತು," ಎಂದರು ಮನ್ಮಥಪ್ಪನವರು.

"ಏನು ಎಪ್ಪತ್ತು?" ಎಂದರು ಸುಮಿತ್ರಾಬಾಯಿ.

"ಆ ಅವಿನಾಶ ಟವೆಲಿನಾಗ ಹಿಡಿದಿದ್ದು. ತಿಂಗಳಿಗಿ ಎಪ್ಪತ್ತು ಸಾವಿರ ಪಗಾರ ಅಂತ. ನಿನ್ನೆ ಇನ್ನೊಬ್ಬರಿಗೂ ಅದೇ ಹಿಡಿದ. ನಾನೇ ನೋಡ್ದೆ."

ಉಮಾಶ್ರೀ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. "ಅಂದ್ರ ಇಷ್ಟು ದಿನ ನಾ ನಲವತ್ತಾರು ಸಾವಿರ ಕದ್ದು ಇಡ್ತೇನಿ ಅಂತ ತಿಳ್ಕೊಂಡಿದ್ರಿ?"

"ಕದ್ದು ಅಂತಲ್ಲ... ಜತನ ಮಾಡಿ."

"ಯಾರಿಗಿ ಕೊಡ್ತೇನಿ ಅಂದ್ಕೊಂಡಿದ್ರಿ?"

ಮನ್ಮಥಪ್ಪನವರು ಬೇವಿನ ಮರವನ್ನು, ಕೊಳ್ಳಲು ಬಂದವರಂತೆ, ಮೇಲಿಂದ ಕೆಳಗೆ ನೋಡಿದರು.

"ಅದನ್ನೂ ವಿಚಾರ ಮಾಡೀರಿ!" ಎಂದಳು ಮಗಳು. "ಬಾಯಿ ಬಿಟ್ಟು ಹೇಳ್ದೆ ಅಪ್ಪಾ. ಕಟ್ಟಿ ಮ್ಯಾಲ ಕುಂತು, ಎಲ್ಲಾರ ಮುಂದ ಹೇಳ್ದೆ."

"ಅದಕ್ಕೇ ನಂಬಲಿಲ್ಲವ್ವ."

ಸುಮಿತ್ರಾಬಾಯಿ ಸೆರಗು ಬಿಗಿದುಕೊಂಡರು. "ಕಂಡವನ ಬೆರಳು ನಂಬಿದ್ರಿ. ಮಗಳ ಬಾಯಿ ನಂಬಲಿಲ್ಲ. ನಡೀರಿ ಒಳಗ. ನನ್ನ ತವರುಮನಿ ಪ್ಲಾಟು ಅದು."

ಒಳಗೆ ಉಮಾಶ್ರೀ ತಂದೆಯ ಪಕ್ಕದ ಕುರ್ಚಿ ಬಿಟ್ಟು, ತಾಯಿಯ ಆಚೆಗಿನದರಲ್ಲಿ ಕುಳಿತಳು.

ಮ್ಯಾನೇಜರರು ಕನ್ನಡಕದ ಮೇಲಿಂದ ನೋಡುವ ಪೈಕಿ. ಮನ್ಮಥಪ್ಪನವರು ಬಡ್ಡಿಯ ದರ ಕೇಳಿದರು. ಮ್ಯಾನೇಜರರು ಮೆಲ್ಲಗೆ ಹೇಳಿದರು. "ಗಟ್ಟಿಯಾಗಿ ಹೇಳ್ರಿ, ಸಾಹೇಬ್ರ." ಅವರು ಗಟ್ಟಿಯಾಗಿ ಹೇಳಿದಾಗ ಸಾಲಿನಲ್ಲಿ ನಿಂತ ಇಬ್ಬರು, "ಅಷ್ಟೇನು?" ಎಂದು ಹತ್ತಿರ ಬಂದರು. ಹದಿನೈದು ವರ್ಷಕ್ಕೆ ಒಟ್ಟು ಎಷ್ಟು ಕಟ್ಟಿದಂತಾಯಿತು ಎಂದೂ ಕೇಳಿದರು. ಇಪ್ಪತ್ಮೂರು ಲಕ್ಷದ ಸುಮಾರು ಎಂಬ ಉತ್ತರ ಕೇಳಿ ಆ ಇಬ್ಬರೂ ತಮ್ಮ ತಮ್ಮ ಪಾಸ್‌ಬುಕ್ ತೆರೆದು ನೋಡಿಕೊಂಡರು. ನಡುವೆ ರೊಕ್ಕ ಬಂದಾಗ ಹೆಚ್ಚು ಕಟ್ಟಿ ಬೇಗ ಮುಗಿಸಬಹುದು ಎಂದು ಮ್ಯಾನೇಜರರು ಸಮಾಧಾನ ಹೇಳಿ, ಕಾಗದ ಮುಂದೆ ತಳ್ಳಿದರು.

"ಒಂದು ಕಲಂ ಉಳಿದದ. ಸಹ-ಸಾಲಗಾರರ ತಿಂಗಳ ಉತ್ಪನ್ನ ಎಷ್ಟ್ರಿ? ನಿಮ್ಮದು."

ಮನ್ಮಥಪ್ಪನವರ ಪೆನ್ನು ನಿಂತಿತು. ಇದನ್ನು ಅವರು ಯಾರಿಗೂ ಹೇಳಿದವರಲ್ಲ. ಮನೆಗೆ ಇಷ್ಟು ಎಂದು ಹೆಂಡತಿಯ ಕೈಗೆ ಕೊಡುತ್ತಿದ್ದರು. ಉಳಿದದ್ದು ಎಷ್ಟು, ಎಲ್ಲಿ ಎಂದು ಸುಮಿತ್ರಾಬಾಯಿ ಇಷ್ಟು ವರ್ಷ ಮನಸ್ಸಿನಲ್ಲೇ ಲೆಕ್ಕ ಹಾಕುತ್ತ, ಒಮ್ಮೊಮ್ಮೆ ತಮ್ಮ ಅದೃಷ್ಟದ ಬಗ್ಗೆ ದೊಡ್ಡ ಕನಸನ್ನೂ ಕಾಣುತ್ತ ಬಂದಿದ್ದರು. ಅವರು ಕುರ್ಚಿಯ ಅಂಚಿಗೆ ಸರಿದರು. ಸಾಲಿನ ಇಬ್ಬರೂ ಇನ್ನಷ್ಟು ಹತ್ತಿರ ಬಂದರು.

"ಹದಿನಾಲ್ಕು ಸಾವಿರ," ಎಂದರು ಮನ್ಮಥಪ್ಪನವರು. "ಛಲೋ ತಿಂಗಳಿದ್ರ. ಈಗ ಎಲ್ಲಾರೂ ಟ್ರ್ಯಾಕ್ಟರ್ ತಗೋತಾರ."

ಸುಮಿತ್ರಾಬಾಯಿ ಗಂಡನ ಕಡೆ ತಿರುಗಿದರು. "ಅಂದ್ರ ನನ್ನ ಕೈಯಾಗ ಕೊಡ್ತಿದ್ದದ್ದು..."

"ಅಷ್ಟೂ ಅದೇ."

ಮ್ಯಾನೇಜರರು ಪೆನ್ನು ಕೆಳಗಿಟ್ಟರು. ಇಸ್ತ್ರಿ ಅಂಗಿಯನ್ನೂ ಹುರಿ ಮಾಡಿದ ಮೀಸೆಯನ್ನೂ ಕನ್ನಡಕದ ಮೇಲಿಂದ ಅಳೆದರು. "ದಲಾಲಿ ಮಾಡೋರು ಅಂತೀರಿ. ಬಾಯಿಲೆ ಎಲ್ಲಾರೂ ಕಮ್ಮೀನೇ ಹೇಳ್ತಾರ್ರಿ. ಇದು ಬ್ಯಾಂಕು. ಖರೆ ಹೇಳ್ರಿ."

ಮನ್ಮಥಪ್ಪನವರ ಕೈ ತಾನಾಗಿಯೇ ಹೆಗಲ ಮೇಲಿನ ಟವೆಲಿಗೆ ಹೋಯಿತು.

"ಬರ್ಕೊಳ್ರಿ ಸರ್," ಎಂದಳು ಆಚೆಯ ಕುರ್ಚಿಯಿಂದ ಉಮಾಶ್ರೀ. "ನಮ್ಮಪ್ಪ ಹದಿನಾಲ್ಕು ಅಂದ್ರ ಹದಿನಾಲ್ಕೇ."